ಡೆನ್ಮಾರ್ಕಿನ ಇಂಧನ ಕಂಪನಿಗಳ ಮೇಲೆ 2023ರ ಮೇ ತಿಂಗಳ ಸೈಬರ್ ದಾಳಿ: ಒಂದು ಪ್ರಕರಣ ಅಧ್ಯಯನ

2023ರ ಮೇ 11ರಂದು ಡೆನ್ಮಾರ್ಕಿನ ಹದಿನಾರು ಇಂಧನ ಕಂಪನಿಗಳ ಮೇಲೆ ಏಕಕಾಲಕ್ಕೆ ಸೈಬರ್ ದಾಳಿ ನಡೆಯಿತು. ಅವುಗಳಲ್ಲಿ ಹನ್ನೊಂದರ ಫೈರ್‌ವಾಲ್, ಅಂದರೆ ಒಳಜಾಲವನ್ನು ಕಾಯುವ ಉಪಕರಣ, ಅದೇ ಗಳಿಗೆಯಲ್ಲಿ ದಾಳಿಕೋರರ ಕೈವಶವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಹೀಗೆ ಭೇದಿಸಲ್ಪಟ್ಟ ಕಂಪನಿಗಳ ಸಂಖ್ಯೆ 22ಕ್ಕೆ ಏರಿತು. ಆ ದೇಶದ ಅತ್ಯಗತ್ಯ ಸೇವೆಗಳ ಮೇಲೆ ಅದುವರೆಗೆ ನಡೆದಿದ್ದ ಸೈಬರ್ ದಾಳಿಗಳಲ್ಲಿ ಇದೇ ಅತಿ ದೊಡ್ಡದೆಂದು, ಘಟನೆಯನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸಿದ ಸೆಕ್ಟರ್‌ಸರ್ಟ್ ಎಂಬ ಸಂಸ್ಥೆ ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ದಾಖಲಿಸಿದೆ. ಇಷ್ಟಾದರೂ ಗ್ರಾಹಕರ ಮನೆಗಳಿಗೆ ವಿದ್ಯುತ್ತಾಗಲಿ ಶಾಖವಾಗಲಿ ನಿಲ್ಲಲಿಲ್ಲ. ದೀಪ ಆರದ ಘಟನೆಯನ್ನು ಸುದ್ದಿಲೋಕ ಬೇಗ ಮರೆಯುತ್ತದೆ. ಆದರೆ ಯುರೋಪಿನ ಇಂಧನ ಕ್ಷೇತ್ರದ ಸೈಬರ್ ಭದ್ರತೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಇನ್ನೂ ಟೊಳ್ಳಾಗಿದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಕರಣಗಳು ಕಡಿಮೆ. ಅದಕ್ಕಾಗಿಯೇ ಇದನ್ನು ವಿವರವಾಗಿ ನೋಡಬೇಕೆಂದು ನನ್ನ ಭಾವನೆ.

ಡೆನ್ಮಾರ್ಕಿನ ಇಂಧನ ವ್ಯವಸ್ಥೆಯ ಸ್ವರೂಪ

ಅಲ್ಲಿಯ ಇಂಧನ ವ್ಯವಸ್ಥೆ ಒಂದೆರಡು ದೈತ್ಯ ಕಂಪನಿಗಳ ಕೈಯಲ್ಲಿ ಇಲ್ಲ. ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯಿಂದ ಬರುತ್ತದೆ. ಗಾಳಿಯಂತ್ರಗಳು ಸಮುದ್ರದಲ್ಲಿಯೂ ಹೊಲಗಳಲ್ಲಿಯೂ ಚದುರಿಕೊಂಡಿವೆ. ಮನೆಗಳನ್ನು ಬೆಚ್ಚಗಿಡುವ ವ್ಯವಸ್ಥೆಯಂತೂ ಇನ್ನೂ ಹಂಚಿಹೋಗಿದೆ. ಊರಿನ ಒಂದು ಸ್ಥಾವರದಲ್ಲಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಮನೆಮನೆಗೆ ಹರಿಸಿ, ತಣ್ಣಗಾದ ನೀರನ್ನು ಮತ್ತೆ ಸ್ಥಾವರಕ್ಕೆ ತರುವ ಈ ಪದ್ಧತಿಗೆ ಡ್ಯಾನಿಶ್ ಭಾಷೆಯಲ್ಲಿ ‘ದೂರದ ಶಾಖ’ ಎಂಬ ಅರ್ಥದ ಹೆಸರಿದೆ. ದೇಶದ ಮನೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ಇದನ್ನೇ ಅವಲಂಬಿಸಿವೆ. ಇಂಥ ಸ್ಥಾವರಗಳಲ್ಲಿ ಬಹಳಷ್ಟು ಬಳಕೆದಾರರೇ ಒಡೆಯರಾಗಿರುವ ಸಹಕಾರ ಸಂಘಗಳು. ಹಳ್ಳಿಯ ಹಾಲು ಉತ್ಪಾದಕರ ಸಂಘ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಕೆಲವೇ ನೌಕರರು, ಊರಿನವರದೇ ಆಡಳಿತ ಮಂಡಳಿ, ಪ್ರತಿ ಖರ್ಚಿಗೂ ಲೆಕ್ಕ. ಕಂಪ್ಯೂಟರ್ ಭದ್ರತೆಗೆಂದೇ ಒಬ್ಬ ಪೂರ್ಣಾವಧಿ ತಜ್ಞನನ್ನು ಇಟ್ಟುಕೊಳ್ಳುವುದು ಇಂಥ ಸಂಸ್ಥೆಗೆ ಸುಲಭವಲ್ಲ.

ಹೀಗೆ ಹಂಚಿಹೋಗಿರುವುದರಿಂದ ಒಂದು ಅನುಕೂಲವೂ ಇದೆ. ಒಂದು ಚಿಕ್ಕ ಸ್ಥಾವರ ಕೆಟ್ಟು ನಿಂತರೆ ಆ ಊರಿಗಷ್ಟೇ ತೊಂದರೆ, ದೇಶಕ್ಕೆ ಅದರ ಬಿಸಿ ತಟ್ಟುವುದಿಲ್ಲ. ಆದರೆ ಹತ್ತಾರು ಚಿಕ್ಕ ಸ್ಥಾವರಗಳು ಒಂದೇ ಮಾದರಿಯ ಯಂತ್ರವನ್ನು ಕೊಂಡು ಬಾಗಿಲಲ್ಲಿಟ್ಟಿದ್ದರೆ, ಆ ಯಂತ್ರದಲ್ಲೊಂದು ದೋಷವಿದ್ದರೆ, ಅವೆಲ್ಲವೂ ಒಟ್ಟಿಗೆ ಬೀಳಬಲ್ಲವು. ಆಗ ಅವು ಚಿಕ್ಕವಾಗಿ ಉಳಿಯುವುದಿಲ್ಲ. ದಾಳಿಕೋರನ ಕಣ್ಣಿಗೆ ಅವೆಲ್ಲ ಸೇರಿ ಒಂದು ದೊಡ್ಡ ಕಂಪನಿ. 2023ರ ಮೇ ತಿಂಗಳಲ್ಲಿ ಆದದ್ದು ಇದೇ.

ಇನ್ನು ಡೆನ್ಮಾರ್ಕಿನ ತೊಂದರೆ ಡೆನ್ಮಾರ್ಕಿನಲ್ಲೇ ನಿಲ್ಲುವಂಥದ್ದಲ್ಲ. ಪಶ್ಚಿಮದ ಜಟ್‌ಲೆಂಡ್ ಮತ್ತು ಫ್ಯೂನ್ ಪ್ರದೇಶಗಳ ವಿದ್ಯುತ್ ಜಾಲ ಜರ್ಮನಿಯ ಮೂಲಕ ಯುರೋಪ್ ಖಂಡದ ಮಹಾಜಾಲದೊಂದಿಗೆ ಒಂದೇ ಲಯದಲ್ಲಿ ಮಿಡಿಯುತ್ತದೆ. ರಾಜಧಾನಿ ಕೋಪನ್‌ಹೇಗನ್ ಇರುವ ಪೂರ್ವಭಾಗ ಸ್ವೀಡನ್ ಮೊದಲಾದ ನಾರ್ಡಿಕ್ ದೇಶಗಳ ಜಾಲಕ್ಕೆ ಸೇರಿದೆ. ಇವೆರಡನ್ನು ಗ್ರೇಟ್ ಬೆಲ್ಟ್ ಜಲಸಂಧಿಯ ಅಡಿಯ ನೇರ ಪ್ರವಾಹದ (ಡಿಸಿ) ವಿದ್ಯುತ್ ಕೇಬಲ್ 2010ರಿಂದ ಬೆಸೆದಿದೆ. ಒಂದೇ ಲಯದ ಜಾಲವೆಂದರೆ ಏನೆಂಬುದು ಕರ್ನಾಟಕದ ಓದುಗರಿಗೆ ಹೊಸದಾಗಿರಲಾರದು: 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗಕ್ಕೆ ಚಾಲನೆ ದೊರೆತಾಗಲೇ ದಕ್ಷಿಣ ಭಾರತದ ಜಾಲ ಉಳಿದ ದೇಶದ ಜಾಲದೊಂದಿಗೆ ಹೀಗೆ ಒಂದಾದದ್ದು. ಒಂದಾದ ಜಾಲದಲ್ಲಿ ಬಲವೂ ಹಂಚಿಕೆಯಾಗುತ್ತದೆ, ಆಘಾತವೂ ಹಂಚಿಕೆಯಾಗುತ್ತದೆ. 2021ರ ಜನವರಿ 8ರಂದು ಕ್ರೊಯೇಷಿಯಾದ ಎರ್ನೆಸ್ಟಿನೊವೊ ಸಬ್‌ಸ್ಟೇಷನ್ನಿನಲ್ಲಿ ಒಂದು ಉಪಕರಣ ಟ್ರಿಪ್ ಆದದ್ದೇ ನೆಪವಾಗಿ ಇಡೀ ಖಂಡದ ಜಾಲ ಸುಮಾರು ಒಂದು ಗಂಟೆಯ ಕಾಲ ಎರಡು ಹೋಳಾಗಿತ್ತು. ಅದು ಸೈಬರ್ ದಾಳಿಯಾಗಿರಲಿಲ್ಲ, ನಿಜ. ಆದರೆ ಒಂದು ಮೂಲೆಯ ಪೆಟ್ಟು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಳತೆ ಒದಗಿಸಿತು.

ಕಾಲದ ಹಿನ್ನೆಲೆಯೂ ಮುಖ್ಯ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ನಿಯಂತ್ರಣ ಕೊಠಡಿಗಳಿಗೆ ಜಾಲದ ಮೂಲಕ ನುಗ್ಗಿದವರು ಸಬ್‌ಸ್ಟೇಷನ್ನುಗಳನ್ನು ಒಂದೊಂದಾಗಿ ಆರಿಸಿ, ಸುಮಾರು 2.25 ಲಕ್ಷ ಗ್ರಾಹಕರನ್ನು ಚಳಿಗಾಲದ ಕತ್ತಲೆಗೆ ದೂಡಿದ್ದರು. 2022ರ ಫೆಬ್ರವರಿ 24ರಂದು, ರಷ್ಯಾ ಪೂರ್ಣಪ್ರಮಾಣದ ಯುದ್ಧ ಆರಂಭಿಸಿದ ಬೆಳಗಿನಲ್ಲಿ, ಕೆಎ-ಸ್ಯಾಟ್ ಉಪಗ್ರಹ ಇಂಟರ್ನೆಟ್ ಸೇವೆಯ ಮೋಡೆಮ್‌ಗಳನ್ನು ಹಾಳುಗೆಡವಿದ ದಾಳಿಯ ಗುರಿ ಉಕ್ರೇನ್ ಆಗಿದ್ದರೂ, ಎನರ್ಕಾನ್ ಕಂಪನಿಯ 5,800 ಗಾಳಿಯಂತ್ರಗಳೊಂದಿಗೆ ದೂರಸಂಪರ್ಕ ಕಡಿದುಹೋಯಿತು. ಯಂತ್ರಗಳು ತಮ್ಮಷ್ಟಕ್ಕೆ ತಿರುಗುತ್ತಲೇ ಇದ್ದವು, ಆದರೆ ಅವುಗಳನ್ನು ದೂರದಿಂದ ನೋಡುವ ಕಣ್ಣು ಇಲ್ಲವಾಯಿತು. ಆ ಕೃತ್ಯಕ್ಕೆ ರಷ್ಯಾವೇ ಹೊಣೆಯೆಂದು ಐರೋಪ್ಯ ಒಕ್ಕೂಟ ಅದೇ ಮೇ 10ರಂದು ಬಹಿರಂಗವಾಗಿ ಘೋಷಿಸಿತು. ಡೆನ್ಮಾರ್ಕಿನ ಘಟನೆ ನಡೆದದ್ದು ಈ ಘೋಷಣೆಗೆ ಸರಿಯಾಗಿ ಒಂದು ವರ್ಷವಾದ ಮರುದಿನ.

ಬಾಗಿಲಲ್ಲಿದ್ದ ಪೆಟ್ಟಿಗೆ

ದಾಳಿಗೆ ದಾರಿಯಾದದ್ದು ಝೈಸೆಲ್ ಕಂಪನಿಯ ಫೈರ್‌ವಾಲ್. ಕಂಪನಿಯ ಒಳಜಾಲಕ್ಕೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕಾವಲಿಗೆಂದು ಇಡುವ ಈ ಪೆಟ್ಟಿಗೆಗೆ ಇನ್ನೊಂದು ಕೆಲಸವೂ ಇರುತ್ತದೆ: ಮನೆಯಿಂದಲೋ ಇನ್ನೊಂದು ಸ್ಥಾವರದಿಂದಲೋ ಸಂಪರ್ಕಿಸುವ ನೌಕರರಿಗೆ ವಿಪಿಎನ್ ಎಂಬ ಗುಪ್ತ ಮಾರ್ಗವನ್ನು ತೆರೆದುಕೊಡುವುದು. ಅಂಥ ಮಾರ್ಗ ತೆರೆಯುವ ಮುನ್ನ ಎರಡೂ ಕಡೆಯ ಯಂತ್ರಗಳು ಕೀಲಿ ವಿನಿಮಯ ಮಾಡಿಕೊಳ್ಳಬೇಕು. ಆ ಮಾತುಕತೆ ನಡೆಯುವುದು ಯುಡಿಪಿ 500ನೇ ಪೋರ್ಟ್ ಎಂಬ, ಸಂದೇಶಗಳು ಬಂದುಹೋಗುವ ಕಿಟಕಿಯಲ್ಲಿ. ಮಾತುಕತೆಗೆ ಬರುವವರು ಯಾರೆಂದು ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಆ ಕಿಟಕಿ ಇಡೀ ಜಗತ್ತಿಗೆ ತೆರೆದೇ ಇರುತ್ತದೆ.

ದೋಷವಿದ್ದದ್ದು ಆ ಕಿಟಕಿಯಲ್ಲಿ. ತಪ್ಪಾದ ವಿನಂತಿ ಬಂದರೆ ಪೆಟ್ಟಿಗೆ ಅದನ್ನು ತಿರಸ್ಕರಿಸಿ, ಏನು ತಪ್ಪಿತ್ತೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಬರೆಯುವಾಗ ಅದು ಹೊರಗಿನವನು ಕಳಿಸಿದ ಪಠ್ಯವನ್ನೂ ಪರಿಶೀಲಿಸದೆ ಸೇರಿಸಿಕೊಳ್ಳುತ್ತಿತ್ತು, ಮತ್ತು ಆ ಪಠ್ಯದೊಳಗೆ ಆಜ್ಞೆಯೊಂದನ್ನು ಹುದುಗಿಸಿದ್ದರೆ ಅದನ್ನು ಸಂದೇಶವೆಂದು ಬರೆಯುವ ಬದಲು ಆಜ್ಞೆಯೆಂದೇ ನಡೆಸಿಬಿಡುತ್ತಿತ್ತು, ಅದೂ ಯಂತ್ರದ ಸರ್ವಾಧಿಕಾರದೊಂದಿಗೆ. ಅಂದರೆ ಬೇಕೆಂದೇ ತಪ್ಪಾಗಿ ರೂಪಿಸಿದ ಒಂದು ಪ್ಯಾಕೆಟ್ (ದತ್ತಾಂಶದ ಚಿಕ್ಕ ಕಟ್ಟು) ಕಳಿಸಿದರೆ ಸಾಕಿತ್ತು. ಬಳಕೆದಾರರ ಹೆಸರು ಬೇಡ, ಪಾಸ್‌ವರ್ಡ್ ಬೇಡ, ಒಳಗಿನವರು ಯಾವುದೋ ಮೋಸದ ಇಮೇಲ್ ತೆರೆಯುವವರೆಗೆ ಕಾಯುವುದೂ ಬೇಡ. ಕಾವಲುಗಾರನ ಟಿಪ್ಪಣಿ ಪುಸ್ತಕವೇ ಕಳ್ಳನ ಕೈಯ ಕೀಲಿಯಾದಂತೆ.

2023ರ ಏಪ್ರಿಲ್ 25ರಂದು ಝೈಸೆಲ್ ಈ ದೋಷವನ್ನು ಬಹಿರಂಗಪಡಿಸಿ, ಅದನ್ನು ಮುಚ್ಚುವ ಪ್ಯಾಚ್ ಬಿಡುಗಡೆ ಮಾಡಿತು. ಸಿವಿಇ-2023-28771 ಎಂಬ ಸಂಖ್ಯೆ ಪಡೆದ ಈ ದೋಷಕ್ಕೆ ಹತ್ತರ ಮಾಪನದಲ್ಲಿ 9.8ರ ತೀವ್ರತೆ ನಿಗದಿಯಾಯಿತು. ಮೇ 1ರಂದು ಸೆಕ್ಟರ್‌ಸರ್ಟ್ ತನ್ನ ಸದಸ್ಯ ಕಂಪನಿಗಳಿಗೆಲ್ಲ ಎಚ್ಚರಿಕೆ ಕಳಿಸಿ, ಕೂಡಲೇ ಪ್ಯಾಚ್ ಹಾಕಿಕೊಳ್ಳಬೇಕೆಂದು ಕೇಳಿಕೊಂಡಿತು. ಹತ್ತು ದಿನಗಳ ನಂತರವೂ ಹಲವು ಕಡೆ ಅದು ಆಗಿರಲಿಲ್ಲ.

ಏಕೆ ಆಗಿರಲಿಲ್ಲ ಎಂಬುದಕ್ಕೆ ಕಂಪನಿಗಳು ಕೊಟ್ಟ ಕಾರಣಗಳನ್ನು ವರದಿ ಮುಚ್ಚುಮರೆಯಿಲ್ಲದೆ ದಾಖಲಿಸಿದೆ, ಮತ್ತು ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಭಾಗ ಇದೇ. ಫೈರ್‌ವಾಲ್ ಇನ್ನೂ ಹೊಸದು, ಹಾಗಾಗಿ ಅದರಲ್ಲಿ ಹೊಸ ಆವೃತ್ತಿಯೇ ಇರುತ್ತದೆಂದು ಕೆಲವರು ನಂಬಿದ್ದರು. ಅಪ್‌ಡೇಟ್ ಮಾಡುವುದು ಪೆಟ್ಟಿಗೆ ಒದಗಿಸಿದವರ ಜವಾಬ್ದಾರಿಯೆಂದು ಕೆಲವರು ತಿಳಿದಿದ್ದರು, ಒದಗಿಸಿದವರು ಹಾಗೆ ತಿಳಿದಿರಲಿಲ್ಲ. ಪ್ಯಾಚ್ ಉಚಿತವೇ ಆಗಿದ್ದರೂ ಅದನ್ನು ಹಾಕಿಕೊಡಲು ಒದಗಿಸಿದವರು ಶುಲ್ಕ ಕೇಳುತ್ತಾರೆಂದು ಇನ್ನು ಕೆಲವರು ಅದನ್ನು ಬೇಡವೆಂದಿದ್ದರು. ಮತ್ತೆ ಕೆಲವರಿಗೆ ಅಂಥದೊಂದು ಪೆಟ್ಟಿಗೆ ತಮ್ಮಲ್ಲಿದೆ ಎಂಬುದೇ ಗೊತ್ತಿರಲಿಲ್ಲ, ಏಕೆಂದರೆ ಬೇರೆ ಯಾವುದೋ ಉಪಕರಣ ಅಳವಡಿಸಲು ಬಂದವರು ಅದನ್ನೂ ಜೊತೆಗೆ ಕೂಡಿಸಿಹೋಗಿದ್ದರು. ಇವುಗಳಲ್ಲಿ ಒಂದೂ ಉಡಾಫೆಯ ಉತ್ತರವೆಂದು ನನಗನ್ನಿಸುವುದಿಲ್ಲ. ಬಾಯ್ಲರ್, ಪಂಪು, ಕವಾಟಗಳನ್ನು ಚೆನ್ನಾಗಿ ಬಲ್ಲ, ಅವುಗಳ ಸರ್ವಿಸ್‌ ದಿನಾಂಕವನ್ನು ಎಂದೂ ತಪ್ಪಿಸದ ಜನ, ಗೋಡೆಯ ಮೇಲಿನ ಚಿಕ್ಕ ಪೆಟ್ಟಿಗೆಗೂ ಅಂಥದೇ ಸರ್ವಿಸ್ ಬೇಕೆಂಬುದನ್ನು ಯಾರೂ ಹೇಳಿಕೊಡದೆ ತಿಳಿಯುವುದು ಹೇಗೆ?

ಮೇ 11

ದಾಳಿಕೋರರು ಆ ದಿನ ತೋರಿದ ನಿಖರತೆ ಪರಿಣತರನ್ನೂ ಬೆಚ್ಚಿಬೀಳಿಸಿತು. ಆರಿಸಿಕೊಂಡ ಹದಿನಾರು ಗುರಿಗಳಲ್ಲಿ ಪ್ರತಿಯೊಂದರಲ್ಲೂ ದೋಷಪೂರಿತ ಫೈರ್‌ವಾಲ್ ಇತ್ತು. ಒಂದು ಹೊಡೆತವೂ ಗುರಿ ತಪ್ಪಲಿಲ್ಲ. ಯಾವ ಕಂಪನಿಯಲ್ಲಿ ಯಾವ ಪೆಟ್ಟಿಗೆಯಿದೆ ಎಂಬ ವಿವರ, ಇಂಟರ್ನೆಟ್ಟನ್ನು ಜಾಲಾಡಿ ಪಟ್ಟಿಮಾಡುವ ಸಾರ್ವಜನಿಕ ಸೇವೆಗಳಲ್ಲಿ ಸಿಗುವಂತಿರಲಿಲ್ಲವೆಂದು ಸೆಕ್ಟರ್‌ಸರ್ಟ್ ಹೇಳುತ್ತದೆ. ಹಾಗಿದ್ದರೆ ಆ ಪಟ್ಟಿ ಅವರಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರವಿಲ್ಲ. ಎಲ್ಲ ಗುರಿಗಳ ಮೇಲೂ ಒಂದೇ ಗಳಿಗೆಯಲ್ಲಿ ಎರಗಿದ್ದರಿಂದ, ಮೊದಲು ಪೆಟ್ಟು ತಿಂದವರು ಉಳಿದವರನ್ನು ಎಚ್ಚರಿಸುವ ಅವಕಾಶವೂ ಇರಲಿಲ್ಲ. ಸಾಮಾನ್ಯವಾಗಿ ಮಾಹಿತಿ ಹಂಚಿಕೆಯ ಬಲವಿರುವುದೇ ಆ ಅಂತರದಲ್ಲಿ. ದಾಳಿಕೋರರು ಅದನ್ನೇ ಕಿತ್ತುಹಾಕಿದ್ದರು.

ಹನ್ನೊಂದು ಕಡೆ ಫೈರ್‌ವಾಲ್ ಆಜ್ಞೆಗೆ ಬಗ್ಗಿ, ತನ್ನ ಸಂರಚನೆಯನ್ನೂ ಬಳಕೆದಾರರ ಹೆಸರುಗಳನ್ನೂ ದಾಳಿಕೋರರಿಗೆ ಒಪ್ಪಿಸಿತು. ಉಳಿದ ಐದು ಕಡೆ ಆಜ್ಞೆ ಪೂರ್ತಿಯಾಗಿ ನಡೆಯಲಿಲ್ಲ. ಮೊದಲ ಸುತ್ತಿನ ಉದ್ದೇಶ ಒಳಗಿನ ನಕ್ಷೆ ತೆಗೆದುಕೊಳ್ಳುವುದಾಗಿತ್ತು, ಮುಂದಿನ ಸುತ್ತು ಆಮೇಲೆ ಬರಲಿತ್ತು ಎಂದು ಇದರಿಂದ ಊಹಿಸಬಹುದು.

ಆ ಮುಂದಿನ ಸುತ್ತು ನಡೆಯದಂತೆ ಮಾಡಿದ್ದು ಸೆಕ್ಟರ್‌ಸರ್ಟ್‌ನ ಸೆನ್ಸರ್‌ಗಳು. ಈ ಸಂಸ್ಥೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ಸರ್ಕಾರದ ಇಲಾಖೆಯೂ ಅಲ್ಲ, ಲಾಭಕ್ಕೆ ದುಡಿಯುವ ಭದ್ರತಾ ಕಂಪನಿಯೂ ಅಲ್ಲ. ಡೆನ್ಮಾರ್ಕಿನ ಅತ್ಯಗತ್ಯ ಸೇವೆಗಳ ಕಂಪನಿಗಳು ತಾವೇ ಹಣ ಹಾಕಿ, ತಾವೇ ಒಡೆಯರಾಗಿ ನಡೆಸುವ ಲಾಭರಹಿತ ಸಂಸ್ಥೆ. ಮೊದಲು ಇಂಧನ ಕ್ಷೇತ್ರಕ್ಕಷ್ಟೇ ಸೀಮಿತವಾಗಿ ಎನರ್ಜಿಸರ್ಟ್ ಎಂಬ ಹೆಸರಿನಲ್ಲಿದ್ದದ್ದು ಆಮೇಲೆ ವಿಸ್ತರಿಸಿತು. ಸದಸ್ಯ ಕಂಪನಿಗಳ ಇಂಟರ್ನೆಟ್ ಸಂಪರ್ಕದ ಮೇಲೆ ಅದು ದೇಶದಾದ್ಯಂತ 270 ಸೆನ್ಸರ್‌ಗಳನ್ನಿಟ್ಟಿತ್ತು. ಒಬ್ಬಂಟಿಯಾಗಿ ತಜ್ಞನನ್ನು ಸಾಕಲಾರದ ಚಿಕ್ಕ ಸ್ಥಾವರಗಳು ಎಲ್ಲರೂ ಸೇರಿ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡಂತೆ ಇದು. ಒಂದೇ ಕಂಪನಿಯ ಲಾಗ್ ನೋಡುತ್ತಿದ್ದವನಿಗೆ 500ನೇ ಪೋರ್ಟಿಗೆ ಬಂದ ಒಂದು ಕೆಟ್ಟ ಪ್ಯಾಕೆಟ್ ದಿನನಿತ್ಯದ ಕಸದಲ್ಲೊಂದಾಗಿ ಕಾಣುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ನೋಡುತ್ತಿದ್ದವರಿಗೆ ಅದೇ ಪ್ಯಾಕೆಟ್ ಹದಿನಾರು ಕಡೆ ಒಂದೇ ಹೊತ್ತಿಗೆ ಬಂದದ್ದು ಕಂಡಿತು. ಆ ಮಧ್ಯಾಹ್ನ, ಸಂಜೆ, ಮುಂದೆ ರಾತ್ರಿಯವರೆಗೂ ಅಲ್ಲಿಯ ಸಿಬ್ಬಂದಿ ಕಂಪನಿಗಳನ್ನೂ ಅವರಿಗೆ ಪೆಟ್ಟಿಗೆ ಒದಗಿಸಿದವರನ್ನೂ ಸಂಪರ್ಕಿಸುತ್ತ, ಹನ್ನೊಂದೂ ಕಡೆಯ ಬಾಗಿಲುಗಳನ್ನು ಮುಚ್ಚಿಸಿದರು. ಪೊಲೀಸರ ರಾಷ್ಟ್ರೀಯ ಸೈಬರ್ ಅಪರಾಧ ವಿಭಾಗಕ್ಕೂ ದೇಶದ ಸೈಬರ್ ಭದ್ರತಾ ಕೇಂದ್ರಕ್ಕೂ ಮಾಹಿತಿ ಹೋಯಿತು.

ಎರಡನೆಯ ಅಲೆ

ಹತ್ತು ದಿನ ಏನೂ ನಡೆಯಲಿಲ್ಲ. ಮೇ 22ರಂದು ಸದಸ್ಯ ಕಂಪನಿಯೊಂದರ ಫೈರ್‌ವಾಲ್ ಅಸುರಕ್ಷಿತ ಸಂಪರ್ಕದ ಮೂಲಕ ಹೊಸ ತಂತ್ರಾಂಶ ಇಳಿಸಿಕೊಳ್ಳುತ್ತಿದೆ ಎಂದು ಸೆನ್ಸರ್ ಸೂಚನೆ ಕೊಟ್ಟಿತು. ಅಲ್ಲಿಂದ ಮೂರ್ನಾಲ್ಕು ದಿನ ಒಂದರ ಹಿಂದೊಂದು ಕಂಪನಿ ಕೈವಶವಾಗತೊಡಗಿತು. ಈ ಸಲ ಬಳಕೆಯಾದ ದೋಷಗಳು ಬೇರೆಯಿದ್ದಿರಬಹುದು: ಝೈಸೆಲ್ ಇನ್ನೆರಡು ಗಂಭೀರ ದೋಷಗಳನ್ನು ಪ್ರಕಟಿಸಿದ್ದು ಮೇ 24ರಂದು, ಅಂದರೆ ದಾಳಿ ಆರಂಭವಾದ ಎರಡು ದಿನಗಳ ನಂತರ. ಹಾಗಾಗಿದ್ದರೆ ಪ್ಯಾಚ್ ಹಾಕಿಕೊಂಡವರೂ ಆ ಎರಡು ದಿನ ಅಸಹಾಯಕರೇ.

ಕೆಲವು ಪೆಟ್ಟಿಗೆಗಳು ಮಿರಾಯ್ ಎಂಬ ಹೆಸರಾಂತ ಬಾಟ್‌ನೆಟ್ಟಿನ (ದಾಳಿಕೋರರು ವಶಪಡಿಸಿಕೊಂಡ ಯಂತ್ರಗಳ ಪಡೆಯ) ಒಂದು ಕವಲಿಗೆ ಸೇರಿಹೋದವು. ಡೆನ್ಮಾರ್ಕಿನ ಊರುಗಳನ್ನು ಬೆಚ್ಚಗಿಡುವ ಕಂಪನಿಗಳ ಉಪಕರಣಗಳು ಅವರಿಗೇ ತಿಳಿಯದೆ ಅಮೆರಿಕ ಮತ್ತು ಹಾಂಗ್‌ಕಾಂಗ್‌ನಲ್ಲಿದ್ದ ಗುರಿಗಳ ಮೇಲೆ ದಟ್ಟಣೆಯ ದಾಳಿ, ಅಂದರೆ ಲೆಕ್ಕವಿಲ್ಲದಷ್ಟು ವಿನಂತಿ ಸುರಿದು ಸೇವೆಯನ್ನು ಕುಗ್ಗಿಸುವ ದಾಳಿ, ನಡೆಸತೊಡಗಿದವು. ಹಲವು ಕಂಪನಿಗಳು ಇಂಟರ್ನೆಟ್ ಸಂಪರ್ಕವನ್ನೇ ಕಿತ್ತುಹಾಕಿ, ಅಲ್ಲಿಯವರು ‘ದ್ವೀಪ ಸ್ಥಿತಿ’ ಎಂದು ಕರೆಯುವ ಕ್ರಮಕ್ಕೆ ಮೊರೆಹೋದವು. ಸ್ಥಾವರ ತನ್ನಷ್ಟಕ್ಕೆ ಓಡುತ್ತದೆ, ಹೊರಲೋಕದ ತಂತು ಒಂದೂ ಇರುವುದಿಲ್ಲ. ಕೇಳಲು ಸರಳವೆನಿಸಿದರೂ ಈ ಸಾಮರ್ಥ್ಯವನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಂಡವರಿಗಷ್ಟೇ ಇದು ಸಾಧ್ಯ. ಯಾವ ತಂತಿ ಕಿತ್ತರೆ ಏನು ನಿಲ್ಲುತ್ತದೆಂದು ತಿಳಿಯದವನು ಆ ಗಳಿಗೆಯಲ್ಲಿ ತಂತಿಗೆ ಕೈಹಾಕಲು ಹೆದರುತ್ತಾನೆ.

ಒಂದು ಕಂಪನಿಯಲ್ಲಿ ಫೈರ್‌ವಾಲ್ ಕೆಲಸ ನಿಲ್ಲಿಸಿದ್ದರಿಂದ ಮೂರು ದೂರದ ನೆಲೆಗಳ ಸ್ಥಿತಿಗತಿ ನಿಯಂತ್ರಣ ಕೊಠಡಿಗೆ ಕಾಣದಾಯಿತು. ಅಲ್ಲಿ ಒತ್ತಡ ಎಷ್ಟಿದೆ, ಯಾವುದು ಓಡುತ್ತಿದೆ ಎಂದು ಪರದೆಯ ಮೇಲೆ ನೋಡಿಕೊಳ್ಳುತ್ತಿದ್ದ ನೌಕರರು ವಾಹನ ಹತ್ತಿ ಒಂದೊಂದು ನೆಲೆಗೂ ಹೋಗಿ, ಕೈಯಿಂದಲೇ ಕಾರ್ಯಾಚರಣೆ ನಡೆಸಬೇಕಾಯಿತು. 2015ರಲ್ಲಿ ಉಕ್ರೇನಿನವರು ವಿದ್ಯುತ್ ಮರಳಿಸಿದ್ದೂ ಹೀಗೆಯೇ, ಸಬ್‌ಸ್ಟೇಷನ್ನಿಗೆ ಹೋಗಿ ಸ್ವಿಚ್ಚುಗಳನ್ನು ಕೈಯಿಂದ ಎತ್ತಿ. ಸ್ವಯಂಚಾಲನೆ ಹೆಚ್ಚಿದಂತೆ ಇಂಥ ಕೈಕೆಲಸ ಬಲ್ಲವರನ್ನು ಅನಗತ್ಯವೆಂದು ಕಡಿಮೆ ಮಾಡುವ ಆಡಳಿತಗಳು ಈ ಎರಡು ಘಟನೆಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಮೇ 30ರ ವೇಳೆಗೆ ಮೊದಲ ದೋಷವನ್ನು ಬಳಸುವ ಸಿದ್ಧ ಕೋಡ್ ಸಾರ್ವಜನಿಕವಾಗಿ ಸಿಗತೊಡಗಿ, ದಾಳಿಯ ಪ್ರಯತ್ನಗಳು ವಿಪರೀತ ಹೆಚ್ಚಿದವು. ಅಷ್ಟರಲ್ಲಿ ಸದಸ್ಯ ಕಂಪನಿಗಳು ಬಾಗಿಲು ಭದ್ರಪಡಿಸಿಕೊಂಡಿದ್ದವು.

ಕೈವಾಡ ಯಾರದು?

ಮೇ 24ರಂದು ಸೆಕ್ಟರ್‌ಸರ್ಟ್‌ಗೆ ಇನ್ನೊಂದು ಎಚ್ಚರಿಕೆ ಬಂತು. ಸದಸ್ಯ ಕಂಪನಿಯೊಂದರಿಂದ ಪ್ಯಾಕೆಟ್ಟೊಂದು ಹೋದ ವಿಳಾಸ, ರಷ್ಯಾದ ಸೇನಾ ಗುಪ್ತಚರ ವಿಭಾಗಕ್ಕೆ ಸೇರಿದ್ದೆನ್ನಲಾದ ಸ್ಯಾಂಡ್‌ವರ್ಮ್ ತಂಡ ಹಿಂದೆ ಬಳಸಿದ್ದೆಂದು ಗುರುತಿಸಲಾದ ಸರ್ವರಿನದಾಗಿತ್ತು. ಉಕ್ರೇನಿನ 2015 ಮತ್ತು 2016ರ ವಿದ್ಯುತ್ ದಾಳಿಗಳಿಗೆ ಹೊಣೆಯೆಂದು ಹೆಸರಿಸಲ್ಪಟ್ಟ ತಂಡ ಇದು. ಸಹಜವಾಗಿಯೇ ವರದಿ ಹೊರಬಂದಾಗ ಪತ್ರಿಕೆಗಳ ತಲೆಬರಹಗಳಲ್ಲಿ ಈ ಹೆಸರೇ ಎದ್ದು ಕಂಡಿತು. ಆದರೆ ವರದಿಯೇ ಎಚ್ಚರದಿಂದ ಮಾತನಾಡಿತ್ತು: ಕುರುಹುಗಳಿವೆ, ಖಚಿತವಾಗಿ ಹೇಳಲಾಗದು ಎಂಬುದಷ್ಟೇ ಅದರ ನಿಲುವು.

2024ರ ಜನವರಿಯಲ್ಲಿ ಫೋರ್‌ಸ್ಕೌಟ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಅದೇ ದತ್ತಾಂಶವನ್ನು ತಮ್ಮಲ್ಲಿದ್ದ ಮಾಹಿತಿಯೊಂದಿಗೆ ತಾಳೆ ನೋಡಿ, ಎರಡು ಅಲೆಗಳಿಗೂ ಪರಸ್ಪರ ಸಂಬಂಧವಿದ್ದಂತಿಲ್ಲ, ಎರಡನೆಯದು ಡೆನ್ಮಾರ್ಕನ್ನೇ ಗುರಿಯಾಗಿಸಿದ್ದಲ್ಲ, ಪ್ಯಾಚ್ ಹಾಕದ ಫೈರ್‌ವಾಲ್‌ಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿಯುತ್ತಿದ್ದ ವ್ಯಾಪಕ ಅಭಿಯಾನದ ಒಂದು ತುಣುಕು ಎಂದು ವಾದಿಸಿದರು. ನನಗೆ ಈ ವಾದ ತೂಕದ್ದಾಗಿ ಕಾಣುತ್ತದೆ. ಮೊದಲ ಅಲೆ ಮೌನವಾಗಿತ್ತು, ನಿಖರವಾಗಿತ್ತು. ಎರಡನೆಯದು ಗದ್ದಲದ್ದು, ಕೈಗೆ ಸಿಕ್ಕ ಯಂತ್ರವನ್ನು ದಟ್ಟಣೆಯ ದಾಳಿಗೆ ಬಳಸಿ ತಾನಾಗಿಯೇ ಬಯಲಿಗೆ ಬೀಳುವಂಥದ್ದು. ಎರಡನ್ನೂ ಒಬ್ಬನೇ ಮಾಡಿದನೆಂದು ನಂಬುವುದು ಕಷ್ಟ. ಹಾಗೆಂದು ಸೆಕ್ಟರ್‌ಸರ್ಟ್‌ನ ಕೆಲಸ ಇದರಿಂದ ಕಿರಿದಾಗುವುದಿಲ್ಲ. ತನ್ನ ದೇಶದ ಕಂಪನಿಗಳ ಲೋಪಗಳನ್ನೂ ಸೇರಿಸಿ ಇಷ್ಟು ವಿವರಗಳನ್ನು ಬಹಿರಂಗಪಡಿಸಿದ್ದರಿಂದಲೇ ಬೇರೆಯವರು ಅದನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು. ಇಂಧನ ಕ್ಷೇತ್ರದಲ್ಲಿ ಇಂಥ ಧೈರ್ಯ ಅಪರೂಪ. ಇನ್ನೊಂದು ಸಂಗತಿಯೂ ಇದೆ: ಒಂದು ದೇಶದ ಸೆನ್ಸರ್‌ಗಳಿಗೆ ತನ್ನ ಮೇಲೆ ನಡೆದ ದಾಳಿಯೆಂದು ಕಂಡದ್ದು, ಗಡಿಯಾಚೆಯ ನೋಟವೂ ಸೇರಿದಾಗ ಎಲ್ಲರ ಮೇಲೂ ನಡೆಯುತ್ತಿದ್ದದ್ದೆಂದು ತಿಳಿಯಿತು. ಐರೋಪ್ಯ ಮಟ್ಟದ ಸಹಕಾರ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ನೇರವಾದ ಕಾರಣ ಬೇಕಿಲ್ಲ.

ಒಕ್ಕೂಟದ ನಿಯಮಗಳು ಈ ಪ್ರಕರಣವನ್ನು ಎಷ್ಟು ಮುಟ್ಟುತ್ತವೆ?

ಐರೋಪ್ಯ ಒಕ್ಕೂಟ ಈ ದಿಕ್ಕಿನಲ್ಲಿ ಕಡಿಮೆ ಕೆಲಸ ಮಾಡಿಲ್ಲ. ಅಥೆನ್ಸ್‌ನಲ್ಲಿ ಕೇಂದ್ರವಿರುವ ಎನಿಸಾ ಎಂಬ ಸೈಬರ್ ಭದ್ರತಾ ಸಂಸ್ಥೆ 2004ರಲ್ಲೇ ಸ್ಥಾಪನೆಯಾಯಿತು. ಜಾಲ ಮತ್ತು ಮಾಹಿತಿ ವ್ಯವಸ್ಥೆಗಳ ಭದ್ರತೆಗೆಂದು 2016ರಲ್ಲಿ ಬಂದ ಮೊದಲ ನಿಸ್ ನಿರ್ದೇಶನ, ಸದಸ್ಯ ರಾಷ್ಟ್ರಗಳ ತುರ್ತು ಪ್ರತಿಕ್ರಿಯಾ ತಂಡಗಳನ್ನು ಒಂದು ಜಾಲವಾಗಿ ಕೂಡಿಸಿತು. ದೊಡ್ಡ ಬಿಕ್ಕಟ್ಟು ಬಂದಾಗ ರಾಷ್ಟ್ರೀಯ ಪ್ರಾಧಿಕಾರಗಳು ಒಟ್ಟಾಗಿ ನಿರ್ಧರಿಸಲೆಂದು ಸೈಕ್ಲೋನ್ ಎಂಬ ಇನ್ನೊಂದು ಜಾಲವಿದೆ. 2023ರ ಜನವರಿ 16ರಂದು ಜಾರಿಗೆ ಬಂದ ಎರಡನೆಯ ನಿಸ್ ನಿರ್ದೇಶನ ಇದೆಲ್ಲಕ್ಕೂ ಹೆಚ್ಚಿನ ಬಲ ಕೊಟ್ಟಿತು. ಗಂಭೀರ ಘಟನೆಯ ಬಗ್ಗೆ 24 ಗಂಟೆಯೊಳಗೆ ಮೊದಲ ಎಚ್ಚರಿಕೆ, 72 ಗಂಟೆಯೊಳಗೆ ವಿವರವಾದ ಸೂಚನೆ, ತಿಂಗಳೊಳಗೆ ಅಂತಿಮ ವರದಿ ಕೊಡಬೇಕು. ಘಟನೆ ಗಡಿ ದಾಟುವಂತಿದ್ದರೆ ನೆರೆರಾಷ್ಟ್ರಗಳಿಗೂ ಎನಿಸಾಗೂ ತಿಳಿಸಬೇಕು. ಪೂರೈಕೆದಾರರಿಂದ ಬರುವ ಅಪಾಯವನ್ನೂ ಕಂಪನಿಯೇ ನೋಡಿಕೊಳ್ಳಬೇಕು. ಅತ್ಯಗತ್ಯ ವರ್ಗದ ಸಂಸ್ಥೆ ಇದನ್ನು ಮೀರಿದರೆ ಒಂದು ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ 2ರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೂ ದಂಡ ವಿಧಿಸಬಹುದು. ವಿದ್ಯುತ್ತು, ಅನಿಲ, ತೈಲದ ಜೊತೆಗೆ ಕೊಳವೆ ಶಾಖ ವ್ಯವಸ್ಥೆಯನ್ನೂ ನಿರ್ದೇಶನ ಹೆಸರಿಸಿಯೇ ಒಳಗೆ ತಂದಿದೆ.

ಆದರೆ ಅದು ಅನ್ವಯಿಸುವುದು ಮುಖ್ಯವಾಗಿ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳಿಗೆ. ಐವತ್ತಕ್ಕಿಂತ ಕಡಿಮೆ ನೌಕರರಿದ್ದು ವಹಿವಾಟು ಒಂದು ಕೋಟಿ ಯೂರೋ ಮೀರದ ಸಂಸ್ಥೆ, ಸದಸ್ಯ ರಾಷ್ಟ್ರ ಅದನ್ನು ವಿಶೇಷವಾಗಿ ಸೇರಿಸದ ಹೊರತು ಅಥವಾ ಇತರ ಕೆಲವು ವಿನಾಯಿತಿಗಳಿಗೆ ಒಳಪಡದ ಹೊರತು, ಹೊರಗೇ ಉಳಿಯುತ್ತದೆ. ಚಿಕ್ಕವರ ಮೇಲೆ ಹೊರೆ ಹೇರಬಾರದೆಂಬ ಕಾಳಜಿ ಒಳ್ಳೆಯದೇ. ಆದರೆ ಡೆನ್ಮಾರ್ಕಿನ ಘಟನೆ ಕಲಿಸಿದ್ದು ಬೇರೆ. ಅಲ್ಲಿ ಅಪಾಯವನ್ನು ನಿರ್ಧರಿಸಿದ್ದು ಕಂಪನಿಗಳ ಗಾತ್ರಕ್ಕಿಂತ ಹೆಚ್ಚಾಗಿ ಅವರೆಲ್ಲ ಒಂದೇ ಪೆಟ್ಟಿಗೆಯನ್ನು ನೆಚ್ಚಿಕೊಂಡಿದ್ದರು ಎಂಬ ಸಂಗತಿ. ಒಂದು ದೊಡ್ಡ ಕಂಪನಿಯ ನೌಕರರನ್ನು ಎಣಿಸುವುದು ನಿಯಂತ್ರಕನಿಗೆ ಸುಲಭ. ನೂರು ಚಿಕ್ಕ ಕಂಪನಿಗಳ ಬಾಗಿಲಲ್ಲಿ ಯಾರ ಯಾವ ಆವೃತ್ತಿಯ ಉಪಕರಣವಿದೆ ಎಂದು ಎಣಿಸುವುದು ಕಷ್ಟ. ಎಣಿಸಬೇಕಾದದ್ದು ಎರಡನೆಯದನ್ನು ಎಂಬುದು ಈ ಪ್ರಕರಣ ನೋಡಿದ ಮೇಲೆ ನನ್ನ ದೃಢ ಅಭಿಪ್ರಾಯ.

ಜಾರಿಯ ವೇಗವೂ ಸಮಾಧಾನಕರವಲ್ಲ. ಈ ನಿರ್ದೇಶನವನ್ನು ಸದಸ್ಯ ರಾಷ್ಟ್ರಗಳು 2024ರ ಅಕ್ಟೋಬರ್ 17ರೊಳಗೆ ತಮ್ಮ ಕಾನೂನಾಗಿಸಬೇಕಿತ್ತು. ಆ ಗಡುವು ತಪ್ಪಿಸಿದ 23 ರಾಷ್ಟ್ರಗಳಿಗೆ ಐರೋಪ್ಯ ಆಯೋಗ ಅದೇ ನವೆಂಬರ್‌ನಲ್ಲಿ ನೋಟಿಸ್ ಕಳಿಸಿತು. ದಾಳಿಯ ಪೆಟ್ಟು ತಿಂದಿದ್ದ ಡೆನ್ಮಾರ್ಕ್ ಕೂಡ ಅವುಗಳಲ್ಲಿ ಒಂದು. ಅಲ್ಲಿಯ ಸಾಮಾನ್ಯ ಕಾನೂನು ಜಾರಿಯಾದದ್ದು 2025ರ ಜುಲೈ 1ರಂದು.

ವಿದ್ಯುತ್ತಿಗೆಂದೇ 2024ರ ಜೂನ್‌ನಲ್ಲಿ ಜಾರಿಗೆ ಬಂದ ಪ್ರತ್ಯೇಕ ಸೈಬರ್ ಭದ್ರತಾ ಸಂಹಿತೆ ಇನ್ನೊಂದು ಹೆಜ್ಜೆ. ಪ್ರಸರಣ ಜಾಲಗಳ ಒಕ್ಕೂಟವಾದ ಎಂಟ್ಸೋ-ಇ ಮತ್ತು ವಿತರಣಾ ಕಂಪನಿಗಳ ಐರೋಪ್ಯ ಸಂಸ್ಥೆ ಸೇರಿ ಕರಡು ರೂಪಿಸಿದ ಈ ಸಂಹಿತೆ, ಒಂದು ಸಂಸ್ಥೆ ಕುಸಿದರೆ ಗಡಿಯಾಚೆಯ ವಿದ್ಯುತ್ ಹರಿವಿಗೆ ಎಷ್ಟು ಪೆಟ್ಟು ಎಂದು ಅಳೆದು, ಅದರಂತೆ ಹೊಣೆ ಹೊರಿಸುತ್ತದೆ. ಅಪಾಯದ ಲೆಕ್ಕಾಚಾರವನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸುತ್ತದೆ. ನೌಕರರ ಸಂಖ್ಯೆಯ ಬದಲು ಪರಿಣಾಮವನ್ನು ಅಳೆಯುವ ಈ ಕ್ರಮ ಹೆಚ್ಚು ಸರಿಯಾದದ್ದು. ಆದರೂ ಕೊಳವೆ ಶಾಖದ ಸ್ಥಾವರಗಳು ಇದರ ವ್ಯಾಪ್ತಿಯ ಹೊರಗಿವೆ, ಮತ್ತು ಅಳತೆ ನಡೆಯುವುದು ಒಂದೊಂದು ಸಂಸ್ಥೆಯನ್ನು ಬಿಡಿಬಿಡಿಯಾಗಿ ಹಿಡಿದು. 2024ರ ಜೂನ್‌ನಲ್ಲಿ ಎನಿಸಾ ನಡೆಸಿದ ‘ಸೈಬರ್ ಯುರೋಪ್’ ಅಣಕು ಕಾರ್ಯಾಚರಣೆ ಇಂಧನ ಕ್ಷೇತ್ರವನ್ನೇ ವಸ್ತುವಾಗಿ ಆರಿಸಿಕೊಂಡದ್ದು ಸ್ವಾಗತಾರ್ಹ.

ಗೋಡೆಯ ಮೇಲಿನ ಪೆಟ್ಟಿಗೆಗೇ ನೇರವಾಗಿ ಕೈಹಾಕುವ ಕಾನೂನೆಂದರೆ 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಸೈಬರ್ ರೆಸಿಲಿಯನ್ಸ್ ಕಾಯ್ದೆ. ಡಿಜಿಟಲ್ ಉಪಕರಣ ತಯಾರಿಸುವವರು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಅಪ್‌ಡೇಟ್ ಒದಗಿಸಬೇಕು, ಅದಕ್ಕೆ ಹಣ ಕೇಳಬಾರದು, ಸಾಧ್ಯವಿದ್ದಲ್ಲಿ ಅಪ್‌ಡೇಟ್ ತಾನಾಗಿಯೇ ಆಗುವ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇರಬೇಕು ಎಂದು ಅದು ಹೇಳುತ್ತದೆ. ಡೆನ್ಮಾರ್ಕಿನ ಕಂಪನಿಗಳ ಉತ್ತರಗಳನ್ನು ಇದರ ಎದುರಿಗಿಟ್ಟು ನೋಡಿದರೆ, ಹೊಸ ಪೆಟ್ಟಿಗೆಯಲ್ಲಿ ಹಳೆಯ ದೋಷವಿರಲಾರದೆಂದು ನಂಬಿದವರಿಗೆ ಈ ಕಾಯ್ದೆಯಿಂದ ಸಹಾಯವಾಗುತ್ತದೆ. ಶುಲ್ಕಕ್ಕೆ ಹೆದರಿ ಬಿಟ್ಟವರ ಸಮಸ್ಯೆ ಮಾತ್ರ ಉಳಿಯುತ್ತದೆ, ಏಕೆಂದರೆ ಅಲ್ಲಿ ಪ್ಯಾಚ್ ಮೊದಲೇ ಉಚಿತವಾಗಿತ್ತು, ದುಡ್ಡು ಕೇಳಿದ್ದು ಅದನ್ನು ಹಾಕಿಕೊಡಲು. ತಾನಾಗಿ ಆಗುವ ಅಪ್‌ಡೇಟ್ ಕೂಡ ಸ್ಥಾವರಗಳಲ್ಲಿ ಎಲ್ಲೆಡೆ ಸಲ್ಲದು. ಓಡುತ್ತಿರುವ ಪಂಪಿನ ನಡುವೆ ಯಂತ್ರ ತಾನೇ ರೀಸ್ಟಾರ್ಟ್ ಆದರೆ ಆಗುವ ಅನಾಹುತ ಬೇರೆಯೇ, ಮತ್ತು ಕಾಯ್ದೆಯೇ ಕೈಗಾರಿಕಾ ಪರಿಸರದ ಈ ತೊಡಕನ್ನು ಒಪ್ಪಿಕೊಂಡಿದೆ. ಇನ್ನು ತಮ್ಮಲ್ಲಿ ಅಂಥ ಪೆಟ್ಟಿಗೆಯಿದೆ ಎಂದೇ ತಿಳಿಯದಿದ್ದವರಿಗೆ ಯಾವ ತಯಾರಕರ ಹೊಣೆಯೂ ಉಪಯೋಗಕ್ಕೆ ಬಾರದು.

ಕಾಯ್ದೆಯ ಮುಖ್ಯ ಕರ್ತವ್ಯಗಳು ಅನ್ವಯವಾಗುವುದು 2027ರ ಡಿಸೆಂಬರ್ 11ರಿಂದ, ಅದೂ ಆ ದಿನದ ನಂತರ ಮಾರುಕಟ್ಟೆಗೆ ಬರುವ ಉಪಕರಣಗಳಿಗೆ. ಇವತ್ತು ಸ್ಥಾವರಗಳ ಗೋಡೆಗಳ ಮೇಲಿರುವ ಫೈರ್‌ವಾಲ್‌ಗಳು ಇನ್ನೂ ಹಲವು ವರ್ಷ ಅಲ್ಲೇ ಇರುತ್ತವೆ. ಅವುಗಳ ಪಟ್ಟಿ ಬರೆದು, ಒಂದೊಂದರ ಆವೃತ್ತಿ ನೋಡಿ, ಮುಂದಿನ ಪ್ಯಾಚ್ ಬಂದ ದಿನ ಅದನ್ನು ಹಾಕುವವರು ಯಾರು, ಅವರ ಕೂಲಿ ಕೊಡುವವರು ಯಾರು ಎಂಬುದನ್ನು ಒದಗಿಸಿದವರೊಂದಿಗಿನ ಕರಾರಿನಲ್ಲೇ ಬರೆಸಿಕೊಳ್ಳುವ ಕೆಲಸ ಆಯಾ ಸಹಕಾರ ಸಂಘದ ಆಡಳಿತ ಮಂಡಳಿಯ ಮುಂದಿದೆ.